ಕುದ್ರುವಿನಲ್ಲಿ ಸಾವಯವ ತರಕಾರಿ: ನೀರು ನೋಡಿ ಬೆಳೆ, ಪ್ರಾಣಿ ನೋಡಿ ಬೇಲಿ

"ಕುದ್ರುವಿನಲ್ಲಿ ಸ್ವಲ್ಪ ಜಾಗ ಇದೆ, ತರಕಾರಿ ಮಾಡಬಹುದಾ?" ಈ ಪ್ರಶ್ನೆ ತಿಂಗಳಿಗೆ ನಾಲ್ಕು ಜನವಾದರೂ ಕೇಳುತ್ತಾರೆ. ಮಾಡಬಹುದು ಅಂದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ, "ಮತ್ತೆ ನವಿಲಿಗೆ ಏನು ಮಾಡ್ತೀರಿ?" ಎರಡಕ್ಕೂ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ಕುದ್ರು ಅಂದರೆ ಕರಾವಳಿಯ ನದಿಗಳು ಸಮುದ್ರ ಸೇರುವ ಮೊದಲು ನಡುವೆ ಬಿಟ್ಟುಹೋದ ದ್ವೀಪ. ಕುಂದಾಪುರದ ಹತ್ತಿರ ಉಪ್ಪಿನಕುದ್ರು ಇದೆ, ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ನಮ್ಮದೂ ಉಡುಪಿ ಕಡೆಯ ಅಂಥದ್ದೇ ಒಂದು, 60 ಸೆಂಟ್ಸ್ ಜಾಗ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆಮೇಲೆ ನದಿಗೆ ಮೇಲಿಂದ ಬರುವ ಸಿಹಿನೀರು ಕಡಿಮೆಯಾಗುತ್ತಾ ಹೋಗುತ್ತದೆ, ಕೆಳಗಿಂದ ಸಮುದ್ರ ಹತ್ತುತ್ತಾ ಬರುತ್ತದೆ. ಕುದ್ರುವಿನ ತರಕಾರಿ ಅಂದರೆ ಈ ಹಗ್ಗಜಗ್ಗಾಟದ ನಡುವೆ ಸಿಗುವ ಬೆಳೆ. ಗೊಬ್ಬರ, ಬೀಜ ಎಲ್ಲ ಆಮೇಲಿನ ವಿಷಯ.

ಏನೇನು ಬೇಕು

ಒಂದು ಟಿಡಿಎಸ್ ಮೀಟರ್, ಪೆನ್ನಿನ ಹಾಗಿರುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಲೆಕ್ಕ. ಪಿಪಿಎಂ ಎಂದು ತೋರಿಸುತ್ತದೆ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ ಸಾಕು. ಮತ್ತೆ ಉಬ್ಬರ ಇಳಿತದ ಸಮಯ ಇರುವ ಕ್ಯಾಲೆಂಡರ್, ಮೊಣಕಾಲವರೆಗಿನ ರಬ್ಬರ್ ಬೂಟು, ತಲೆಗೆ ಕಟ್ಟುವ ಟಾರ್ಚ್, ಒಂದು ನೋಟ್‌ಬುಕ್. ಮನೆಯಲ್ಲಿ ಹಸು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗೊಬ್ಬರವನ್ನು ದೋಣಿಯಲ್ಲಿ ತರಬೇಕು, ಆ ಬಾಡಿಗೆ ಗೊಬ್ಬರದ ಬೆಲೆಗಿಂತ ಜಾಸ್ತಿ ಆಗುವುದೂ ಉಂಟು. ತೆಂಗಿನ ಮಡಲು, ತರಗೆಲೆ, ಬಾಳೆದಿಂಡು ಯಾವುದನ್ನೂ ಆಚೆ ದಡಕ್ಕೆ ಕಳಿಸಬೇಡಿ. ಕುದ್ರುವಿನ ಕಸ ಕುದ್ರುವಿನಲ್ಲೇ ಕೊಳೆಯಲಿ.

1. ಮೊದಲು ಒಂದು ಬೇಸಿಗೆ ನೀರು ಅಳೆಯಿರಿ (ಜನವರಿಯಿಂದ ಮೇ)

ಎಲ್ಲರೂ ಜೂನ್‌ನಲ್ಲಿ ಶುರು ಮಾಡುತ್ತಾರೆ. ಆಗ ಎಲ್ಲ ಕುದ್ರುವೂ ಸ್ವರ್ಗ. ನೀವು ಜನವರಿಯಲ್ಲಿ ಶುರು ಮಾಡಿ, ಗಿಡದಿಂದಲ್ಲ, ಮೀಟರಿನಿಂದ.

ವಾರಕ್ಕೊಮ್ಮೆ ಬಾವಿ ನೀರು, ಉಬ್ಬರದ ಹೊತ್ತಿಗೆ ಹೊಳೆ ನೀರು, ಜಾಗದ ಅತಿ ತಗ್ಗಿನ ಮೂಲೆಯಲ್ಲಿ ಗುಂಡಿ ತೆಗೆದರೆ ಒಸರುವ ನೀರು, ಈ ಮೂರನ್ನು ಅಳೆದು ಬರೆಯಿರಿ. 450 ಪಿಪಿಎಂ ಒಳಗಿದ್ದರೆ ಏನು ಬೇಕಾದರೂ ಬೆಳೆಯಿರಿ. 450ರಿಂದ 2000 ನಡುವೆ ಇದ್ದರೆ ಬೆಳೆ ಆರಿಸಿ ಹಾಕಬೇಕು. 2000 ದಾಟಿದರೆ ಆ ನೀರನ್ನು ತರಕಾರಿಗೆ ಬಿಡಬೇಡಿ. ಸಮುದ್ರದ ನೀರು ಸುಮಾರು 35,000 ಇರುತ್ತದೆ, ಅಂದರೆ ಬಾವಿಗೆ ಸ್ವಲ್ಪ ಸೇರಿದರೂ ಮುಗಿಯಿತು.

ಬಾವಿ ಯಾಕೆ ಕೆಡುತ್ತದೆ ಎಂದು ತಿಳಿದಿರಲಿ. ಮಳೆನೀರು ಮರಳಿಗೆ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ನಿಲ್ಲುತ್ತದೆ, ಗಂಜಿಯ ಮೇಲೆ ತುಪ್ಪ ನಿಂತ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಲೆಕ್ಕದ ಪ್ರಕಾರ ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ 40 ಅಡಿ ಸಿಹಿನೀರು ಇರಬೇಕು. ಇದನ್ನೇ ತಿರುಗಿಸಿ ನೋಡಿ: ಪಂಪ್ ಹಾಕಿ ಮೇಲಿನ ಒಂದು ಅಡಿ ಎಳೆದರೆ ಕೆಳಗಿನ ಉಪ್ಪು 40 ಅಡಿ ಮೇಲೇರಲು ನೋಡುತ್ತದೆ. ಚಿಕ್ಕ ಕುದ್ರುವಿನಲ್ಲಿ ಈ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ, ಆದರೆ ಆಗುವುದು ಇದೇ.

ಹಾಗಾಗಿ ಬೋರ್‌ವೆಲ್ ಬೇಡ. ಆಳದ ಬಾವಿಯೂ ಬೇಡ. ಕಡಿಮೆ ಆಳದ ಅಗಲವಾದ ಹೊಂಡ ಒಳ್ಳೆಯದು. ಪಂಪ್ ಇದ್ದರೆ 15 ನಿಮಿಷ ಬಿಟ್ಟು ನಿಲ್ಲಿಸಿ, ನೀರು ಕೂಡಿಕೊಳ್ಳಲಿ, ಮತ್ತೆ ಬಿಡಿ. ನಾನು ಮೊದಲ ವರ್ಷ ಮಾರ್ಚಿನಲ್ಲಿ ಪಂಪ್ ಹಾಕಿ ಪೇಟೆಗೆ ಹೋಗಿದ್ದೆ. ಬೀನ್ಸ್ ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಸುರುಟಿತು, ಬಾವಿ ಸರಿಯಾಗಲು ಮಳೆಯೇ ಬರಬೇಕಾಯಿತು.

2. ದಂಡೆ ಮತ್ತು ಏಡಿ ಬಿಲ (ಏಪ್ರಿಲ್, ಮೇ)

ಬೇಸಿಗೆಯಲ್ಲಿ ಉಪ್ಪುನೀರು ದಂಡೆ ಹಾರಿ ಬರುವುದು ಕಡಿಮೆ. ಜಾಸ್ತಿ ಬರುವುದು ಏಡಿ ಬಿಲದ ಒಳಗಿಂದ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ದೊಡ್ಡದಿರುತ್ತದೆ. ಆ ಹೊತ್ತಿಗೆ ದಂಡೆಯ ಒಳಬದಿಯಲ್ಲಿ ನಿಧಾನ ನಡೆಯಿರಿ. ಒಣಮಣ್ಣಿನಲ್ಲಿ ಹೆಬ್ಬೆರಳಿನಷ್ಟು ತೂತು, ಅದರ ಸುತ್ತ ಒದ್ದೆ, ಮಧ್ಯದಲ್ಲಿ ನೀರು ಸಣ್ಣಗೆ ಗುಳುಗುಳು ಅನ್ನುತ್ತಿರುತ್ತದೆ. ಅಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ.

ತಪ್ಪು ಮಾಡುವುದು ಇಲ್ಲೇ. ಒಳಗಡೆಯಿಂದ ಮಣ್ಣು ತುರುಕುತ್ತಾರೆ, ಮುಂದಿನ ಉಬ್ಬರ ಅದನ್ನು ತಳ್ಳಿ ಹೊರಹಾಕುತ್ತದೆ. ಇಳಿತದ ಹೊತ್ತಿಗೆ ಹೊಳೆಯ ಬದಿಗೆ ಇಳಿದು ಬಿಲದ ಹೊರಬಾಯಿಗೆ ಜೇಡಿಮಣ್ಣು ತುಂಬಿ ಗುದ್ದಿ ಕೂರಿಸಬೇಕು. ಏಡಿಗೆ ವಿಷ ಹಾಕಬೇಡಿ. ಆ ವಿಷ ಹೊಳೆಗೆ ಹೋಗುತ್ತದೆ, ಮರುವಾಯಿಗೆ (ಹೊಳೆಯ ಚಿಪ್ಪುಮೀನು) ಹೋಗುತ್ತದೆ, ಕೊನೆಗೆ ನಿಮ್ಮದೇ ಸಾರಿಗೆ ಬರುತ್ತದೆ.

ದಂಡೆಯ ಹೊರಗೆ ಕಾಂಡ್ಲಾ ಗಿಡ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಇದ್ದರೆ ಕಡಿಯಲೇಬೇಡಿ. ನೆರಳು ಅಂತ ಕಡಿದವರ ದಂಡೆ ಎರಡು ಮಳೆಗಾಲದಲ್ಲಿ ಹೊಳೆ ಸೇರಿದ್ದನ್ನು ನೋಡಿದ್ದೇನೆ. ಅದರ ಬೇರಿನ ಹತ್ತಿರ ಮೀನಿನ ಹುರುಪೆ ತುಂಬಿದ ಕಪ್ಪು ಹಿಕ್ಕೆ ಕಂಡರೆ ಅದು ನೀರುನಾಯಿಯದ್ದು. ಅದು ತರಕಾರಿ ಮುಟ್ಟುವುದಿಲ್ಲ. ನಾಯಿ ಸಾಕಿದ್ದರೆ ರಾತ್ರಿ ಕಟ್ಟಿಹಾಕಿ, ಅಷ್ಟೇ.

ಇದೇ ತಿಂಗಳಲ್ಲಿ ಬಯಲು ಜಾಗದಲ್ಲಿ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗೂಡು ಅಂತ ಏನೂ ಕಟ್ಟುವುದಿಲ್ಲ, ನಾಲ್ಕು ಕಲ್ಲು ಜೋಡಿಸಿದ ಹಾಗೆ ನೆಲದ ಮೇಲೇ ಇರುತ್ತದೆ. ಹಕ್ಕಿ ನಿಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಕಾಲು ನೋಡಿ ಇಡಿ. ಸುತ್ತ ನಾಲ್ಕು ಕೋಲು ನೆಟ್ಟು ಆ ತುಂಡು ಜಾಗ ಬಿಟ್ಟು ಉಳುಮೆ ಮಾಡಿ.

3. ಮೊದಲ ಮಳೆ (ಮೇ ಕೊನೆ, ಜೂನ್)

ಮಳೆ ಹಿಡಿದ ಕೂಡಲೇ ಖಾಲಿ ಜಾಗಕ್ಕೆ ಡೈಂಚಾ ಬಿತ್ತಿ. ಇದು ಹಸಿರೆಲೆ ಗೊಬ್ಬರದ ಗಿಡ, ಅಂದರೆ ಬೆಳೆಸಿ ಅಲ್ಲೇ ಮಣ್ಣಿಗೆ ಸೇರಿಸುವಂಥದ್ದು. ಉಪ್ಪನ್ನೂ ತಡೆಯುತ್ತದೆ, ನಿಂತ ನೀರನ್ನೂ ತಡೆಯುತ್ತದೆ. ಆರೇಳು ವಾರಕ್ಕೆ, ಹೂ ಬಿಡುವ ಮೊದಲು, ಕಡಿದು ಮಗುಚಿ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪುಡಿಯಾಗಿ ಕೂತ ಉಪ್ಪನ್ನು ಮಳೆಯೇ ತೊಳೆದುಕೊಂಡು ಹೋಗುತ್ತದೆ, ನೀವು ಕಾಲುವೆಯ ಬಾಯಿ ಬಿಡಿಸಿ ಕೊಟ್ಟರೆ ಸಾಕು.

ಮಳೆಗಾಲದ ತರಕಾರಿಗೆ ಒಂದೂವರೆ ಅಡಿ ಎತ್ತರದ ಏರುಮಡಿ ಬೇಕೇ ಬೇಕು. ಬೆಂಡೆ, ಹೀರೆ, ಮುಳ್ಳುಸೌತೆ, ಪಡುವಲ, ಹಾಗಲ, ಕೆಸು. ಬಳ್ಳಿಗೆ ಚಪ್ಪರ ಮಳೆಗೆ ಮೊದಲೇ ಕಟ್ಟಿ, ಜುಲೈಯಲ್ಲಿ ಕಂಬ ನೆಡಲು ಹೋದರೆ ಕಂಬದ ಜೊತೆ ನೀವೂ ಹೂತುಹೋಗುತ್ತೀರಿ.

ಅಂಚಿನಲ್ಲಿ ಮೂರಡಿ ಅಗಲ ಹುಲ್ಲು ಕತ್ತರಿಸದೆ ಬಿಡಿ. ಮಿಂಚುಹುಳು ನೋಡಲು ಚಂದ ಅಂತ ಮಾತ್ರ ಅಲ್ಲ, ಅದರ ಮರಿಹುಳುಗಳು ಆ ಒದ್ದೆ ಹುಲ್ಲಿನಲ್ಲಿದ್ದು ಬಸವನಹುಳು ತಿನ್ನುತ್ತವೆ. ಹೊರಗಿನ ಲೈಟು ರಾತ್ರಿಯಿಡೀ ಉರಿಸಿದರೆ ಮಿಂಚುಹುಳಕ್ಕೆ ಜೊತೆ ಸಿಗುವುದಿಲ್ಲ, ಮುಂದಿನ ವರ್ಷ ಬಸವನಹುಳು ನಿಮ್ಮ ಪಾಲಿಗೆ.

4. ಆಟಿಯ ದಿನಗಳು (ಜುಲೈ, ಆಗಸ್ಟ್)

ಈಗ ಮುಖ್ಯ ಕೆಲಸ ರಾತ್ರಿಯದು. ಆಫ್ರಿಕನ್ ಬಸವನಹುಳು, ಅಂಗೈಯಷ್ಟು ದೊಡ್ಡದು, ಒಂದೊಂದು ಸಲಕ್ಕೆ ನೂರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಅಥವಾ ಕೊಳೆತ ಪಪ್ಪಾಯಿ ಇಡಿ, ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋದರೆ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡೇ ಹೆಕ್ಕಿ. ಅದರ ಲೋಳೆಯಿಂದ ಮನುಷ್ಯರಿಗೆ ಹರಡುವ ಪರೋಪಜೀವಿ ಹುಳು ಇರುತ್ತದೆ.

ಹೆಕ್ಕಿದ್ದನ್ನು ಬಕೆಟ್ಟಿನಲ್ಲಿ ದಪ್ಪ ಉಪ್ಪುನೀರಿಗೆ ಹಾಕಿ. ಗಮನಿಸಿ, ಬಕೆಟ್ಟಿನಲ್ಲಿ. ಪಾತಿಯ ಮೇಲೆ ಉಪ್ಪು ಎರಚುವವರಿದ್ದಾರೆ. ವರ್ಷವಿಡೀ ಉಪ್ಪಿನ ವಿರುದ್ಧ ಒದ್ದಾಡಿ, ಕೊನೆಗೆ ನಾವೇ ಕೊಂಡುತಂದು ಸುರಿಯುವುದು! ಸುಣ್ಣದ ಗೆರೆ ಎಳೆಯುವುದೂ ಮಳೆಯಲ್ಲಿ ಸುಮ್ನೆ, ಒದ್ದೆಯಾದರೆ ಅದನ್ನು ದಾಟಿ ಬರುತ್ತದೆ. ಹಗಲು ಕೆಂಬೂತ ಪೊದೆಯಿಂದ ಪೊದೆಗೆ ನಡೆಯುತ್ತಿದ್ದರೆ ಓಡಿಸಬೇಡಿ, ಅದೂ ಇದೇ ಹುಳುವನ್ನು ಹುಡುಕುತ್ತಿರುತ್ತದೆ.

ನೆರೆ ಬಂದರೆ ಹಾವುಗಳೂ ಎತ್ತರದ ಜಾಗಕ್ಕೆ ಬರುತ್ತವೆ. ಕುದ್ರುವಿನಲ್ಲಿ ಎತ್ತರದ ಜಾಗ ಎಂದರೆ ನಿಮ್ಮ ಜಗಲಿ ಮತ್ತು ಗೊಬ್ಬರದ ರಾಶಿ. ರಾಶಿಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಲ್ಲಿ ತಟ್ಟಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಏನೂ ಬೇಡ. ಆ ಕೈಕಾಲು ಅಲ್ಲಾಡದ ಹಾಗೆ ಇಟ್ಟು ನೇರ ಆಸ್ಪತ್ರೆಗೆ. ಇಲ್ಲಿ 108 ಬರುವುದು ದಡದವರೆಗೆ ಮಾತ್ರ, ಅಲ್ವಾ? ಹಾಗಾಗಿ ದೋಣಿ ರಾತ್ರಿ ಯಾವ ದಡದಲ್ಲಿರುತ್ತದೆ, ಹುಟ್ಟು ಹಾಕುವವರು ಯಾರು, ಇದನ್ನು ಜೂನ್‌ಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಇನ್ನೊಂದು ಇಲಿಜ್ವರ. ಇಲಿಯ ಮೂತ್ರ ಸೇರಿದ ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದೆ. ಬೂಟು ಅದಕ್ಕೇ. ಜ್ವರ, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಕೆಸರಿನಲ್ಲಿ ಕೆಲಸ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಿ.

5. ನಿಜವಾದ ಹಂಗಾಮು (ಸೆಪ್ಟೆಂಬರ್‌ನಿಂದ ಡಿಸೆಂಬರ್)

ಸಿಪಿಲೆ ಹಕ್ಕಿ ಬಾಲ ಕುಣಿಸುತ್ತಾ ಪಾತಿಯ ಮೇಲೆ ಓಡಾಡಲು ಶುರು ಮಾಡಿತು ಅಂದರೆ ಸಸಿ ಮಾಡುವ ಹೊತ್ತು. ಉತ್ತರದಿಂದ ಬರುವ ಈ ಹಕ್ಕಿ ಏಪ್ರಿಲ್ ಹೊತ್ತಿಗೆ ವಾಪಸ್ ಹೋಗುತ್ತದೆ. ನಿಮ್ಮ ಬೆಳೆಯ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ.

ಇಲ್ಲಿ ಮಾಡಬೇಕಾದ್ದು ಒಂದೇ ಲೆಕ್ಕ. ಮೊದಲ ಹಂತದ ನೋಟ್‌ಬುಕ್ ತೆಗೆಯಿರಿ. ಬಾವಿ ಯಾವ ವಾರ 450 ದಾಟಿತು, ಯಾವ ವಾರ 2000 ದಾಟಿತು ನೋಡಿ. ಅಲ್ಲಿಂದ ಹಿಂದಕ್ಕೆ ಎಣಿಸಿ.

ಉಪ್ಪು ಸ್ವಲ್ಪವೂ ತಡೆಯದವು ಬೀನ್ಸ್, ಕ್ಯಾರೆಟ್, ಈರುಳ್ಳಿ, ಮೂಲಂಗಿ. ಮೆಣಸು ಇದಕ್ಕಿಂತ ಸ್ವಲ್ಪ ಮಾತ್ರ ಗಟ್ಟಿ. ಇವನ್ನು ಅಕ್ಟೋಬರ್‌ನಲ್ಲೇ ಎತ್ತರದ ಜಾಗಕ್ಕೆ ಹಾಕಿ. ಟೊಮೇಟೊ, ಮುಳ್ಳುಸೌತೆ ನಡುವಿನವು. ಅಲಸಂಡೆ ಮತ್ತು ಬೀಟ್‌ರೂಟ್ ಗಟ್ಟಿ ಪಿಂಡಗಳು, ಬೀನ್ಸ್ ತಡೆಯುವುದರ ನಾಲ್ಕು ಪಟ್ಟು ಉಪ್ಪನ್ನು ತಡೆಯುತ್ತವೆ. ಕೊನೆಗೆ ಬಿತ್ತುವುದು, ತಗ್ಗಿನಲ್ಲಿ ಬಿತ್ತುವುದು ಅಲಸಂಡೆಯನ್ನೇ. ಬಸಳೆ, ಹರಿವೆ ಬಾವಿಯ ಹತ್ತಿರ ಇರಲಿ.

ಗುಳ್ಳ, ಅಂದರೆ ಉಡುಪಿ ಕಡೆಯ ಗುಂಡು ಬದನೆ, ಹಾಕಬೇಕು ಅನ್ನುವವರು ತುಂಬಾ ಜನ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಗುರುತು ಸಿಕ್ಕಿದೆ, ಅಂದರೆ ಆ ಹೆಸರು ಮಟ್ಟು ಊರಿನ ಸುತ್ತಲಿನ ಬೆಳೆಗೆ ಮಾತ್ರ ಸೇರಿದ್ದು. ನಿಮ್ಮ ಕುದ್ರುವಿನಲ್ಲಿ ಅದೇ ಬೀಜ ಬೆಳೆದರೂ ಆ ಹೆಸರಿನಲ್ಲಿ ಮಾರಬೇಡಿ. ಬದನೆ ಅಂತ ಮಾರಿ, ರುಚಿ ಚೆನ್ನಾಗಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ.

ಪಾತಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ, ಮೇಲೆ ಬೈಹುಲ್ಲು ಹೊದಿಸಿ. ಹೊದಿಕೆ ಇಲ್ಲದಿದ್ದರೆ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ನೀರನ್ನು ಬುಡಕ್ಕೇ ಬಿಡಿ, ಎಲೆಯ ಮೇಲೆ ಬೇಡ. ದಿನಾ ಚೂರು ಚೂರು ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಚೆನ್ನಾಗಿ ಹನಿಸಿದರೆ ಉಪ್ಪು ಬೇರಿನ ಕೆಳಗೆ ಇಳಿಯುತ್ತದೆ.

6. ಹೂವಿನ ಗಡಿಯಾರ ನೋಡಿ ಸಿಂಪಡಿಸಿ

ಇದನ್ನು ಯಾರೂ ಹೇಳುವುದಿಲ್ಲ, ಸ್ವಲ್ಪ ನಿಧಾನವಾಗಿ ಓದಿ.

ಬೇವಿನ ಬೀಜದ ಕಷಾಯ ಎಲ್ಲರಿಗೂ ಗೊತ್ತು. ಲೀಟರಿಗೆ 50 ಗ್ರಾಂ ಬೀಜದ ತಿರುಳು ಜಜ್ಜಿ, ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಸೇರಿಸಿ ಹೊಡೆಯುವುದು. "ಸಂಜೆಯೇ ಹೊಡೆಯಿರಿ, ಬಿಸಿಲಿಗೆ ಸತ್ವ ಹೋಗುತ್ತದೆ, ಜೇನಿಗೂ ತೊಂದರೆ" ಅಂತ ಹೇಳುತ್ತಾರೆ. ಕುಂಬಳ, ಮುಳ್ಳುಸೌತೆ, ಹಾಗಲಕ್ಕೆ ಇದು ಸರಿ. ಅವುಗಳ ಹೂ ಅರಳುವುದು ಬೆಳಿಗ್ಗೆ, ತುಡುವೆ ಜೇನು, ಮುಜಂಟಿ (ಚುಚ್ಚದ ಸಣ್ಣ ಜೇನು) ಬರುವುದೂ ಬೆಳಿಗ್ಗೆ.

ಆದರೆ ಹೀರೆ ಹೂ ಅರಳುವುದೇ ಸಂಜೆ. ಸೋರೆಯೂ ಸಂಜೆ. ಪಡುವಲದ ಬಿಳಿ ಜಾಲರಿ ಹೂ ಬಿಚ್ಚುವುದು ಕತ್ತಲಾದ ಮೇಲೆ, ಅದಕ್ಕೆ ಬರುವುದು ಪತಂಗಗಳು. ಒಂದು ದಿನ ಏಳು ಗಂಟೆಗೆ ಪಡುವಲದ ಚಪ್ಪರದ ಕೆಳಗೆ ಲೈಟು ಆರಿಸಿ ಕೂತು ನೋಡಿ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು, ಉದ್ದ ಸೊಂಡಿಲು ಚಾಚುವ ಕಂದು ಪತಂಗ ಕಾಣಬಹುದು. ಅದರ ಮೇಲೆ ನೀವು ಸಂಜೆ ಕಷಾಯ ಹೊಡೆದರೆ, ಆಮೇಲೆ "ಹೂ ತುಂಬಾ ಬಿಡ್ತು, ಕಾಯಿ ಕಚ್ಚಲಿಲ್ಲ" ಎಂದು ನನಗೇ ಫೋನ್ ಮಾಡುತ್ತೀರಿ. ಈ ಮೂರಕ್ಕೆ ಬೆಳಕು ಹರಿಯುವ ಹೊತ್ತಿಗೆ, ಬಿಸಿಲೇರುವ ಮೊದಲು, ಹೂ ಬಿಟ್ಟು ಎಲೆಗೆ ಮಾತ್ರ ಹೊಡೆಯಿರಿ.

ಹಣ್ಣುನೊಣಕ್ಕೆ ಕಷಾಯದಿಂದ ಜಾಸ್ತಿ ಉಪಯೋಗ ಇಲ್ಲ. ಕ್ಯೂಲ್ಯೂರ್ ಮೋಹಕ ಬಲೆ ಕಟ್ಟಿ, ಎಕರೆಗೆ ಹತ್ತು. ಅದು ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಡಬ್ಬ. ಡಬ್ಬ ತುಂಬಿದ್ದು ನೋಡಿ ಖುಷಿಪಟ್ಟು ಸುಮ್ಮನಾಗಬೇಡಿ. ಚುಚ್ಚಿದ ಕಾಯಿ ಬಳ್ಳಿಯ ಬುಡದಲ್ಲಿ ಬಿದ್ದಿದ್ದರೆ ಅದರೊಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ದಿನಾ ಹೆಕ್ಕಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗಿಡಿ. ಕುಂಬಳದ ಕೆಂಪು ದುಂಬಿಯನ್ನು ಮುಂಜಾನೆ ಕೈಯಲ್ಲೇ ಹಿಡಿಯಬಹುದು, ಚಳಿಗೆ ಮಂಕಾಗಿ ಕೂತಿರುತ್ತದೆ.

ನಡುನಡುವೆ ಆಳೆತ್ತರದ ಕೋಲಿಗೆ ಅಡ್ಡಕಡ್ಡಿ ಕಟ್ಟಿ ನಿಲ್ಲಿಸಿ. ಹಗಲು ಕಾಜಾಣ ಕೂತು ಹುಳ ಹಿಡಿಯುತ್ತದೆ, ರಾತ್ರಿ ಗೂಬೆ ಕೂತು ಇಲಿ ಹಿಡಿಯುತ್ತದೆ. ಕಳ್ಳಿಪೀರವೂ ಬಂದು ಕೂರುತ್ತದೆ, ಅದು ನಿಮ್ಮ ಜೇನನ್ನೂ ತಿನ್ನುತ್ತದೆ. ಹಾಗಾಗಿ ಜೇನುಪೆಟ್ಟಿಗೆಯ ಹತ್ತಿರ ಕೋಲು ಬೇಡ.

7. ನವಿಲು ಮತ್ತು ಬಲೆ

ಕೊನೆಗೂ ನವಿಲಿಗೆ ಬಂದೆವು. ಹಾರಿ ಹೊಳೆ ದಾಟುತ್ತದೆ, ಅಲಸಂಡೆಯ ಮೊಳಕೆ, ಮೆಣಸಿನ ಕುಡಿ, ಟೊಮೇಟೊ ಎಲ್ಲ ಕುಕ್ಕುತ್ತದೆ. ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಮುಟ್ಟುವ ಹಾಗಿಲ್ಲ. ವಿಷದ ಕಾಳು, ಉರುಳು, ಲೈನಿಂದ ನೇರ ಕರೆಂಟು ಕೊಡುವ ತಂತಿ, ಇದೆಲ್ಲ ಅಪರಾಧ. ಆ ತಂತಿಗೆ ಪಕ್ಕದ ಮನೆಯ ಮಗುವೂ ತಾಗಬಹುದು.

ಮೊಳಕೆ ಬಂದ ಮೊದಲ ಮೂರು ವಾರವೇ ಮುಖ್ಯ. ಆ ಹೊತ್ತಿಗೆ ಪಾತಿಯ ಮೇಲೆ ಬಿದಿರಿನ ಬಿಲ್ಲು ಬಗ್ಗಿಸಿ ಬಲೆ ಹೊದಿಸಿ. ಹೊಳಪಿನ ರಿಬ್ಬನ್, ಸಿಡಿ ಎಲ್ಲ ಒಂದು ವಾರ ಹೆದರಿಸುತ್ತವೆ, ಎಂಟನೇ ದಿನ ಅದರ ಪಕ್ಕದಲ್ಲೇ ನಿಂತು ತಿನ್ನುತ್ತದೆ.

ಬಲೆಯ ವಿಷಯದಲ್ಲಿ ದೊಡ್ಡ ಎಚ್ಚರಿಕೆ. ಕುದ್ರುವಿನಲ್ಲಿ ಹಳೆಯ ಮೀನಿನ ಬಲೆ ಪುಕ್ಕಟೆ ಸಿಗುತ್ತದೆ, ಎಲ್ಲರೂ ಅದನ್ನೇ ಬೇಲಿಗೆ ಕಟ್ಟುತ್ತಾರೆ. ಸಣ್ಣ ಎಳೆಯ ನೈಲಾನ್ ಬಲೆ ನೆಲಕ್ಕೆ ತಾಗಿದ್ದರೆ ಇಲಿಯ ಹಿಂದೆ ಹೋದ ಕೇರೆಹಾವು ಅದರಲ್ಲಿ ತಲೆ ತೂರಿಸುತ್ತದೆ. ಹುರುಪೆ ಹಿಂದಕ್ಕೆ ಸಿಕ್ಕಿಕೊಳ್ಳುವುದರಿಂದ ಹಿಂದೆ ಬರಲಾಗುವುದಿಲ್ಲ, ಮುಂದೆ ಹೋದಷ್ಟೂ ಬಿಗಿಯುತ್ತದೆ. ಒಂದು ಸಲ ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ್ದೆವು, ಮುಕ್ಕಾಲು ಗಂಟೆ ಹಿಡಿಯಿತು. ಇನ್ನೊಂದು ಸಲ ನಾವು ನೋಡುವಾಗಲೇ ಸತ್ತಿತ್ತು, ಆ ವರ್ಷ ಗೆಣಸು ಪೂರ್ತಿ ಇಲಿಯ ಪಾಲಾಯಿತು. ಸಿಕ್ಕಿದ್ದು ಕೇರೆಯೇ ಎಂದು ಖಾತ್ರಿ ಇಲ್ಲದಿದ್ದರೆ ಕೈ ಹಾಕಬೇಡಿ, ಹಾವು ಹಿಡಿಯುವವರನ್ನು ಕರೆಯಿರಿ.

ಹಾಗಾಗಿ ದಪ್ಪ ಎಳೆಯ ಬಲೆ ಬಳಸಿ, ಕೆಳಗಿನ ಅಂಚನ್ನು ನೆಲದಿಂದ ಮುಕ್ಕಾಲು ಅಡಿ ಮೇಲೆ ಬಿಗಿದು ಕಟ್ಟಿ, ಅದರ ಕೆಳಗೆ ಮಡಲಿನ ತಟ್ಟಿ ಸಡಿಲವಾಗಿ ನಿಲ್ಲಿಸಿ. ಹಾವು ತಟ್ಟಿಯ ಸಂದಿನಲ್ಲಿ ಹೋಗುತ್ತದೆ, ನವಿಲು ಹೋಗುವುದಿಲ್ಲ. ಹಂಗಾಮು ಮುಗಿದ ದಿನವೇ ಬಲೆ ಸುತ್ತಿ ಒಳಗಿಡಿ.

8. ಮುಗಿಸುವುದು (ಫೆಬ್ರವರಿಯಿಂದ)

ಮೀಟರು ಏರತೊಡಗಿದ ಮೇಲೆ ಹೊಸದಾಗಿ ಏನೂ ನೆಡಬೇಡಿ. ಮೊದಲು ತಗ್ಗಿನ ಪಾತಿ ಖಾಲಿ ಮಾಡಿ, ಆಮೇಲೆ ಎತ್ತರದ್ದು. ಉಳಿದ ಸಿಹಿನೀರು ಬೀಜಕ್ಕೆ ಬಿಟ್ಟ ಗಿಡಗಳಿಗೆ. ಬೀಜಕ್ಕೆ ಬಿಡುವಾಗ ಮೊದಲ ಕಾಯಿಯಲ್ಲ, ಉಪ್ಪು ಶುರುವಾದ ಮೇಲೂ ಎಲೆ ಸುಡದೆ ನಿಂತ ಗಿಡದ ಕಾಯಿ ಆರಿಸಿ. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿ, ಒಂದಕ್ಕೊಂದು ತಾಗದ ಹಾಗೆ. ಮಳೆಗಾಲದವರೆಗೂ ಸಾಂಬಾರಿಗೆ ಆಗುತ್ತದೆ. ಬೀಜಕ್ಕೆಂದು ಇಟ್ಟದ್ದಕ್ಕೆ ಸುಣ್ಣದ ಗುರುತು ಹಾಕಿ, ಇಲ್ಲದಿದ್ದರೆ ನೆಂಟರು ಬಂದ ದಿನ ಅದೇ ಮೊದಲು ಕೆಳಗಿಳಿಯುತ್ತದೆ.